ಫೇರ್ಲಿ, ಕ್ವೈಟ್, ರಾದರ್, ಪ್ರಿಟಿ: ಇಂಗ್ಲಿಷಿನ ನಡುಮಟ್ಟದ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

"ಚೆನ್ನಾಗಿಲ್ಲ" ಎನ್ನುವುದಕ್ಕೂ "ತುಂಬಾ ಚೆನ್ನಾಗಿದೆ" ಎನ್ನುವುದಕ್ಕೂ ನಡುವೆ ದೊಡ್ಡ ಬಯಲಿದೆ. ಕನ್ನಡದಲ್ಲಿ ಅಲ್ಲಿ "ತಕ್ಕಮಟ್ಟಿಗೆ", "ಪರವಾಗಿಲ್ಲ", "ಒಂದು ಮಟ್ಟಿಗೆ", "ಸುಮಾರಾಗಿ" ಎಂದು ಸಲೀಸಾಗಿ ಓಡಾಡುತ್ತೇವೆ. ಇಂಗ್ಲಿಷಿಗೆ ಬಂದರೆ ಎಲ್ಲದಕ್ಕೂ "ಲಿಟಲ್ ಬಿಟ್" ಅಥವಾ "ವೆರಿ", ಎರಡರಲ್ಲಿ ಒಂದು. ಈ ಎರಡರ ನಡುವಿನ ಪದಗಳು ಬಾಯಿಗೆ ಬಂದರೆ ಮಾತಿಗೆ ಎಷ್ಟು ನಯ, ಎಷ್ಟು ಖಚಿತತೆ ಸಿಗುತ್ತದೆ ಎಂಬುದನ್ನು ಬಳಸಿಯೇ ನೋಡಬೇಕು. ಕಲಿಯುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಯಾವ್ಯಾವ ಪದಗಳು ಈ ಗುಂಪಿಗೆ ಸೇರುತ್ತವೆ?

ಒಂದು ಗುಣ ಎಷ್ಟರ ಮಟ್ಟಿಗಿದೆ ಎಂದು ಹೇಳುವ ಅಡ್ವರ್ಬ್‌ಗಳಲ್ಲಿ, ತೀರಾ ಕಡಿಮೆಯನ್ನೂ ತೀರಾ ಹೆಚ್ಚನ್ನೂ ಬಿಟ್ಟು ನಡುವೆ ನಿಲ್ಲುವವು ಇವು: ಫೇರ್ಲಿ, ಕ್ವೈಟ್, ರಾದರ್, ಪ್ರಿಟಿ, ರೀಸನಬ್ಲಿ, ಮಾಡರೇಟ್ಲಿ, ಸಮ್‌ವಾಟ್. ಇವುಗಳಿಗಿಂತ ಒಂದು ಮೆಟ್ಟಿಲು ಕೆಳಗೆ ಎ ಬಿಟ್, ಎ ಲಿಟಲ್, ಸ್ಲೈಟ್ಲಿ ಇವೆ. ಕಲಿಯುವವರು ಎರಡನ್ನೂ ಬೆರೆಸುವುದರಿಂದ ಇಲ್ಲಿ ಒಟ್ಟಿಗೇ ನೋಡೋಣ.

ಇವುಗಳನ್ನು ಏಣಿಯ ಮೆಟ್ಟಿಲಿನಂತೆ ಕ್ರಮವಾಗಿ ಜೋಡಿಸಬಹುದೇ?

ಸ್ಥೂಲವಾಗಿ ಜೋಡಿಸಬಹುದು. ಕೆಳಗಿನಿಂದ ಮೇಲಕ್ಕೆ: ಸ್ಲೈಟ್ಲಿ ಮತ್ತು ಎ ಬಿಟ್, ಆಮೇಲೆ ಸಮ್‌ವಾಟ್, ಆಮೇಲೆ ಫೇರ್ಲಿ, ಅದರ ಮೇಲೆ ಬ್ರಿಟಿಷರ ಕ್ವೈಟ್, ಇನ್ನೂ ಮೇಲೆ ರಾದರ್ ಮತ್ತು ಪ್ರಿಟಿ, ಕೊನೆಗೆ ವೆರಿ. ಆದರೆ ಈ ಏಣಿಯನ್ನು ಬಾಯಿಪಾಠ ಮಾಡಿದರೆ ಅರ್ಧ ಕೆಲಸವಷ್ಟೇ ಆದೀತು. ಎರಡು ಪದಗಳ ಅಳತೆ ಒಂದೇ ಇದ್ದರೂ, ಹೇಳುವವರಿಗೆ ಅದು ಹಿಡಿಸಿದೆಯೋ ಇಲ್ಲವೋ ಎಂಬುದು ಪದದಲ್ಲೇ ಗೊತ್ತಾಗಿಬಿಡುತ್ತದೆ. ಎಷ್ಟು ಎಂಬುದಕ್ಕಿಂತ ಯಾವ ಕಡೆಗೆ ಎಂಬುದನ್ನು ನೋಡಿ ಪದ ಆರಿಸಬೇಕು. ಮುಂದಿನ ಪ್ರಶ್ನೆಯಲ್ಲಿ ಇದು ಸ್ಪಷ್ಟವಾಗುತ್ತದೆ.

ಫೇರ್ಲಿ ಮತ್ತು ರಾದರ್ ಎರಡಕ್ಕೂ ನಿಘಂಟಿನಲ್ಲಿ "ತಕ್ಕಮಟ್ಟಿಗೆ" ಎಂದೇ ಇದೆ. ಹಾಗಾದರೆ ವ್ಯತ್ಯಾಸ ಏನು?

ಒಂದೇ ಪಾತ್ರೆಯ ಮೊಸರನ್ನು ತೆಗೆದುಕೊಳ್ಳಿ. ರಾತ್ರಿ ಹೆಪ್ಪು ಹಾಕಿದ್ದು, ಮಾರನೆಯ ಮಧ್ಯಾಹ್ನದ ಹೊತ್ತಿಗೆ ಹುಳಿ ಬಂದಿದೆ. ಮಜ್ಜಿಗೆ ಹುಳಿ ಮಾಡಬೇಕೆಂದಿರುವವರಿಗೆ ಹುಳಿ ಬೇಕು. ಅವರು ರುಚಿ ನೋಡಿ "ದ ಕರ್ಡ್ ಈಸ್ ಫೇರ್ಲಿ ಸವರ್" ಎನ್ನುತ್ತಾರೆ: ಪರವಾಗಿಲ್ಲ, ಬೇಕಾದಷ್ಟು ಹುಳಿ ಬಂದಿದೆ. ಅದೇ ಮೊಸರನ್ನು ಮಗುವಿಗೆ ಅನ್ನದೊಂದಿಗೆ ಕಲಸಬೇಕೆಂದಿರುವವರು "ದ ಕರ್ಡ್ ಈಸ್ ರಾದರ್ ಸವರ್" ಎನ್ನುತ್ತಾರೆ: ಯಾಕೋ ಹುಳಿ ಜಾಸ್ತಿಯಾಯಿತು. ಮೊಸರು ಒಂದೇ, ಹುಳಿಯೂ ಒಂದೇ.

ಫೇರ್ಲಿ ಒಳ್ಳೆಯ ಗುಣಗಳ ಜೊತೆ ಹೊಂದುತ್ತದೆ: ಫೇರ್ಲಿ ಕ್ಲೀನ್, ಫೇರ್ಲಿ ಈಸಿ, ಫೇರ್ಲಿ ವೆಲ್. ರಾದರ್ ಬೇಡದ ಗುಣಗಳ ಜೊತೆ ಹೊಂದುತ್ತದೆ: ರಾದರ್ ಡರ್ಟಿ, ರಾದರ್ ಡಿಫಿಕಲ್ಟ್, ರಾದರ್ ಬ್ಯಾಡ್ಲಿ. ಫಾಸ್ಟ್, ಸ್ಲೋ, ವಾರ್ಮ್, ಥಿನ್, ಥಿಕ್ ತರಹದ, ಒಳ್ಳೆಯದೂ ಅಲ್ಲದ ಕೆಟ್ಟದ್ದೂ ಅಲ್ಲದ ಪದಗಳು ಬಂದಾಗ ಮಾತಾಡುವವರ ಮೆಚ್ಚುಗೆಯನ್ನೋ ಅಸಮಾಧಾನವನ್ನೋ ಈ ಅಡ್ವರ್ಬ್ ಒಂದೇ ತಿಳಿಸುತ್ತದೆ.

ಆದರೆ "ರಾದರ್ ಗುಡ್" ಎಂದು ಹೊಗಳುವುದನ್ನು ಕೇಳಿದ್ದೇನೆ. ಅದು ತಪ್ಪೇ?

ತಪ್ಪಲ್ಲ. ಒಳ್ಳೆಯ ಗುಣದ ಮೊದಲು ರಾದರ್ ಬಂದರೆ "ಅಂದುಕೊಂಡಿದ್ದಕ್ಕಿಂತ ಚೆನ್ನಾಗಿದೆಯಲ್ಲ!" ಎಂಬ ಅಚ್ಚರಿ ಸೇರುತ್ತದೆ. "ದ ಕಾಫಿ ಈಸ್ ರಾದರ್ ಗುಡ್" ಎಂದರೆ ಈ ಜಾಗದಲ್ಲಿ ಇಂಥ ಕಾಫಿ ಸಿಗುತ್ತದೆ ಎಂದುಕೊಂಡಿರಲಿಲ್ಲ ಎಂದು. ಆದ್ದರಿಂದ ಮನೆಗೆ ಊಟಕ್ಕೆ ಕರೆದವರ ಅಡುಗೆಯನ್ನು ಈ ಪದದಿಂದ ಹೊಗಳುವಾಗ ಎಚ್ಚರವಿರಲಿ. ಅಡುಗೆ ಮಾಡಿದವರಿಗೆ ಆ ಅಚ್ಚರಿಯೇ ಚುಚ್ಚಬಹುದು.

ರಾದರ್ ಬ್ರಿಟನ್ನಿನಲ್ಲಿ ಹೆಚ್ಚು ಕೇಳುವ ಪದ. ಅಮೆರಿಕದ ದಿನಬಳಕೆಯ ಮಾತಿನಲ್ಲಿ ಅದರ ಕೆಲಸವನ್ನು ಹೆಚ್ಚಾಗಿ ಪ್ರಿಟಿ ಮಾಡುತ್ತದೆ.

"ಐ ವುಡ್ ರಾದರ್ ವಾಕ್" ಎಂಬಲ್ಲಿ ಬರುವ ರಾದರ್ ಅಳತೆಯದ್ದಲ್ಲ, ಆಯ್ಕೆಯದ್ದು. ಹಳೆಯ ಇಂಗ್ಲಿಷಿನಲ್ಲಿ "ಬೇಗ" ಎಂಬ ಅರ್ಥದ ಪದವೊಂದರ ಹೋಲಿಕೆಯ ರೂಪ ಇದು, "ಇನ್ನೂ ಬೇಗ, ಮೊದಲು" ಎಂಬ ಅರ್ಥ ಇತ್ತು. ಯಾವುದನ್ನು ಮೊದಲು ಆರಿಸುತ್ತೇನೆ ಎಂಬ ಆ ಎಳೆ ವುಡ್ ರಾದರ್‌ನಲ್ಲಿ ಉಳಿದುಕೊಂಡಿದೆ.

ಕ್ವೈಟ್ ಎಂದರೆ "ತಕ್ಕಮಟ್ಟಿಗೆ"ಯೋ "ಪೂರ್ತಿಯಾಗಿ"ಯೋ?

ಎರಡೂ ಹೌದು. ಈ ಗುಂಪಿನಲ್ಲಿ ಅತಿ ಹೆಚ್ಚು ಗೊಂದಲ ಮಾಡುವ ಪದ ಇದೇ ಆದ್ದರಿಂದ ಸಾವಧಾನವಾಗಿ ನೋಡೋಣ.

ಮೂಲದ ಅರ್ಥ "ಪೂರ್ತಿಯಾಗಿ". ಕ್ವಿಟ್ ಎಂಬ ಪದವೂ ಇದೇ ಬೇರಿನದು. ಬಾಕಿ ಏನೂ ಉಳಿಸದೆ ಚುಕ್ತಾ ಮಾಡಿದ ಹಾಗೆ. "ತಕ್ಕಮಟ್ಟಿಗೆ" ಎಂಬುದು ಆಮೇಲೆ ಬಂದು ಸೇರಿಕೊಂಡ ಅರ್ಥ. ಇಂದು ಎರಡೂ ಬಳಕೆಯಲ್ಲಿವೆ. ಯಾವ ಅರ್ಥ ಎಂಬುದನ್ನು ಅದರ ಮುಂದೆ ಬರುವ ಗುಣವಾಚಕ ತೀರ್ಮಾನಿಸುತ್ತದೆ.

ಹೆಚ್ಚು ಕಡಿಮೆ ಆಗಬಲ್ಲ ಗುಣವಾದರೆ, ಅಂದರೆ ಗುಡ್, ಟಾಲ್, ಕೋಲ್ಡ್, ಇಂಟರೆಸ್ಟಿಂಗ್ ತರಹದ್ದಾದರೆ, ಕ್ವೈಟ್ ಎಂದರೆ ತಕ್ಕಮಟ್ಟಿಗೆ. ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿಯ ಗುಣವಾದರೆ, ಅಂದರೆ ಡೆಡ್, ಎಂಪ್ಟಿ, ಇಂಪಾಸಿಬಲ್, ಪರ್ಫೆಕ್ಟ್, ರೈಟ್, ರಾಂಗ್ ತರಹದ್ದಾದರೆ, ಕ್ವೈಟ್ ಎಂದರೆ ಪೂರ್ತಿಯಾಗಿ. "ದ ಟ್ಯಾಂಕ್ ಈಸ್ ಕ್ವೈಟ್ ಎಂಪ್ಟಿ" ಎಂದು ಯಾರಾದರೂ ಹೇಳಿದರೆ ಟ್ಯಾಂಕಿನಲ್ಲಿ ಸ್ವಲ್ಪ ನೀರಿದೆ ಎಂದು ಸ್ನಾನಕ್ಕೆ ಹೋಗಬೇಡಿ. ಒಂದು ತೊಟ್ಟೂ ಇಲ್ಲ.

ಗುರುತಿಸುವುದಕ್ಕೆ ಒಂದು ಪರೀಕ್ಷೆ: ಆ ಗುಣವಾಚಕಕ್ಕೆ ವೆರಿ ಸೇರಿಸಿ ನೋಡಿ. ವೆರಿ ಕೋಲ್ಡ್ ಸರಿ ಕೇಳುತ್ತದೆ, ಆದ್ದರಿಂದ ಕ್ವೈಟ್ ಕೋಲ್ಡ್ ನಡುಮಟ್ಟದ್ದು. ವೆರಿ ಇಂಪಾಸಿಬಲ್ ಎಂದು ಯಾರೂ ಹೇಳುವುದಿಲ್ಲ, ಆದ್ದರಿಂದ ಕ್ವೈಟ್ ಇಂಪಾಸಿಬಲ್ ಎಂದರೆ ಸಾಧ್ಯವೇ ಇಲ್ಲ. ಈ ಪರೀಕ್ಷೆಗೆ ಸಿಗದೆ ಜಾರುವ ಪದಗಳೂ ಇವೆ. ಡಿಫರೆಂಟ್ ಮತ್ತು ಷೂರ್ ಎಂಬವುಗಳ ಜೊತೆ ವೆರಿ ಬರುತ್ತದೆ, ಆದರೂ "ಕ್ವೈಟ್ ಡಿಫರೆಂಟ್" ಎಂದರೆ ಸಾಮಾನ್ಯವಾಗಿ ಪೂರ್ತಿ ಬೇರೆ, "ಕ್ವೈಟ್ ಷೂರ್" ಎಂದರೆ ಅನುಮಾನವೇ ಇಲ್ಲ. ಈ ಎರಡನ್ನು ಹಾಗೆಯೇ ನೆನಪಿಟ್ಟುಕೊಳ್ಳಬೇಕು.

ಕ್ರಿಯಾಪದಗಳಲ್ಲೂ ಇದೇ ಲೆಕ್ಕ. "ಐ ಕ್ವೈಟ್ ಲೈಕ್ ಇಟ್" ಎಂದರೆ ಪರವಾಗಿಲ್ಲ, ಇಷ್ಟವಾಯಿತು. "ಐ ಕ್ವೈಟ್ ಅಗ್ರೀ" ಎಂದರೆ ಪೂರ್ತಿ ಒಪ್ಪುತ್ತೇನೆ. "ನಾಟ್ ಕ್ವೈಟ್ ರೆಡಿ" ಎಂದರೆ ಬಹುಮಟ್ಟಿಗೆ ಆಗಿದೆ, ಪೂರ್ತಿ ಆಗಿಲ್ಲ.

ಲಂಡನ್ನಿನ ಮ್ಯಾನೇಜರ್ ನನ್ನ ವರದಿಯನ್ನು "ಕ್ವೈಟ್ ಗುಡ್" ಎಂದರು. ಖುಷಿಪಡಬೇಕೇ?

ಬೆಂಗಳೂರಿನ ಕಚೇರಿಗಳಲ್ಲಿ ಕೂತು ಹೊರದೇಶದವರ ಜೊತೆ ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ಅಮೆರಿಕದವರು "ಕ್ವೈಟ್ ಗುಡ್" ಎಂದರೆ ಹೆಚ್ಚಾಗಿ "ತುಂಬಾ ಚೆನ್ನಾಗಿದೆ" ಎಂದೇ. ಬ್ರಿಟಿಷರು ಬರೆದಿದ್ದರೆ "ಚೆನ್ನಾಗಿದೆ, ಆದರೆ ಇನ್ನೂ ಚೆನ್ನಾಗಿರಬಹುದಿತ್ತು" ಎಂದು ಓದುವುದು ಕ್ಷೇಮ.

ಮಾತಿನಲ್ಲಾದರೆ ಒತ್ತು ಎಲ್ಲಿ ಬೀಳುತ್ತದೆ ಎಂದು ಕಿವಿಗೊಡಿ. ಬ್ರಿಟಿಷರ ಮಾತಿನಲ್ಲಿ ಗುಡ್ ಮೇಲೆ ಒತ್ತು ಬಿದ್ದರೆ ಅದು ಮೆಚ್ಚುಗೆ. ಕ್ವೈಟ್ ಮೇಲೆ ಒತ್ತು ಬಿದ್ದು ದನಿ ಎಳೆದರೆ ಹಿಂದೆಯೇ "ಬಟ್" ಬರುವುದಿದೆ. ನೀವೇ ಬರೆಯುವಾಗ ಓದುವವರು ಯಾವ ದೇಶದವರೆಂದು ಗೊತ್ತಿಲ್ಲದಿದ್ದರೆ ಕ್ವೈಟ್ ಬಿಟ್ಟು ವೆರಿ ಗುಡ್ ಅಥವಾ ಫೇರ್ಲಿ ಗುಡ್, ನಿಮ್ಮ ಮನಸ್ಸಿನಲ್ಲಿರುವುದನ್ನು ಬರೆಯಿರಿ. ಸಹೋದ್ಯೋಗಿಯ ವಾರ್ಷಿಕ ಮೌಲ್ಯಮಾಪನದಲ್ಲಂತೂ ಈ ಪದ ಬೇಡವೇ ಬೇಡ; ಒಬ್ಬರ ಬಡ್ತಿ ಇಬ್ಬಗೆಯ ಅರ್ಥದ ಮೇಲೆ ನಿಲ್ಲಬಾರದು.

"ಎ ಕ್ವೈಟ್ ಗುಡ್ ಬುಕ್" ಸರಿಯೋ, "ಕ್ವೈಟ್ ಎ ಗುಡ್ ಬುಕ್" ಸರಿಯೋ?

"ಕ್ವೈಟ್ ಎ ಗುಡ್ ಬುಕ್" ರೂಢಿಯ ಜೋಡಣೆ. ಎ ಎಂಬ ಆರ್ಟಿಕಲ್ ಕ್ವೈಟ್ ಆದಮೇಲೆ ಬರುತ್ತದೆ. ಫೇರ್ಲಿ ಮತ್ತು ಪ್ರಿಟಿಗೆ ಇದರ ತಿರುಗುಮುರುಗು: "ಎ ಫೇರ್ಲಿ ಗುಡ್ ಬುಕ್", "ಎ ಪ್ರಿಟಿ ಗುಡ್ ಬುಕ್". ರಾದರ್ ಎರಡೂ ಕಡೆ ನಿಲ್ಲುತ್ತದೆ: "ರಾದರ್ ಎ ಗುಡ್ ಬುಕ್", "ಎ ರಾದರ್ ಗುಡ್ ಬುಕ್".

ಗುಣವಾಚಕವೇ ಇಲ್ಲದೆ ಬರಿಯ ನಾಮಪದದ ಜೊತೆ ನಿಲ್ಲಬಲ್ಲವು ಕ್ವೈಟ್ ಮತ್ತು ರಾದರ್ ಮಾತ್ರ. "ರಾದರ್ ಎ ಪಿಟಿ" ಎಂದರೆ ಅಯ್ಯೋ ಪಾಪ ಎನ್ನುವಂತಾಯಿತು. "ಕ್ವೈಟ್ ಎ ಕ್ರೌಡ್" ಎಂದರೆ ಒಳ್ಳೇ ಜನ ಸೇರಿದ್ದರು. ಇಲ್ಲಿ ಕ್ವೈಟ್ ನಡುಮಟ್ಟದ್ದಲ್ಲ, ಜೋರಿನದು.

"ಕ್ವೈಟ್ ಎ ಫ್ಯೂ" ಎಂದರೆ ಕೆಲವೇ ಕೆಲವು ಅಲ್ಲವೇ?

ಅಲ್ಲ, ಬಹಳಷ್ಟು. "ಕ್ವೈಟ್ ಎ ಬಿಟ್" ಎಂದರೂ ಸಾಕಷ್ಟು ಜಾಸ್ತಿ. ಬಿಡಿಬಿಡಿಯಾಗಿ ಅರ್ಥ ಮಾಡಿದರೆ ಎರಡೂ ಉಲ್ಟಾ ಆಗುತ್ತವೆ. ಇಡಿಯಾಗಿ ಕಲಿಯಿರಿ.

"ಫೇರ್ಲಿ ಬೆಟರ್" ಎಂದು ಬರೆದರೆ ತಪ್ಪು ಎನ್ನುತ್ತಾರೆ. ಯಾಕೆ?

ಫೇರ್ಲಿ ಒಂದು ವಸ್ತು ಅಳತೆಗೋಲಿನ ಮೇಲೆ ಎಲ್ಲಿ ನಿಂತಿದೆ ಎಂದು ಹೇಳುತ್ತದೆ. ಬೆಟರ್, ಬಿಗ್ಗರ್, ಚೀಪರ್ ಎನ್ನುವಾಗ ನಾವು ಹೇಳುತ್ತಿರುವುದು ಎರಡು ವಸ್ತುಗಳ ನಡುವಿನ ಅಂತರ. ಜಾಗ ಹೇಳುವ ಪದದಿಂದ ಅಂತರ ಅಳೆಯಲು ಬರುವುದಿಲ್ಲ. ಕನ್ನಡದಲ್ಲೂ ಹೀಗೇ ಅಲ್ಲವೇ? "ಈ ಮನೆ ತಕ್ಕಮಟ್ಟಿಗೆ ದೊಡ್ಡದು" ಸರಿ, "ಈ ಮನೆ ಅದಕ್ಕಿಂತ ತುಸು ದೊಡ್ಡದು" ಸರಿ. "ಅದಕ್ಕಿಂತ ತಕ್ಕಮಟ್ಟಿಗೆ ದೊಡ್ಡದು" ಎಂದು ಹೇಳಿ ನೋಡಿ, ನಾಲಿಗೆ ತಡೆಯುತ್ತದೆ. ಆ ತಡೆಯನ್ನು ನಂಬಿ. ಇಂಗ್ಲಿಷಿನಲ್ಲೂ ಅದು ಸರಿದಾರಿ ತೋರಿಸುತ್ತದೆ.

ಹೋಲಿಕೆಯ ರೂಪದ ಜೊತೆ ಬರುವವು: ಎ ಬಿಟ್, ಎ ಲಿಟಲ್, ಸ್ಲೈಟ್ಲಿ, ಸಮ್‌ವಾಟ್, ರಾದರ್. ಬಾರದವು: ಫೇರ್ಲಿ, ಪ್ರಿಟಿ, ಕ್ವೈಟ್, ರೀಸನಬ್ಲಿ, ಮಾಡರೇಟ್ಲಿ. ಅತಿಯಾಯಿತು ಎನ್ನುವ ಟೂ ಜೊತೆಗೂ ಸಾಮಾನ್ಯವಾಗಿ ಇದೇ ಪಟ್ಟಿ: "ಎ ಬಿಟ್ ಟೂ ಸಾಲ್ಟಿ", "ರಾದರ್ ಟೂ ಲಾಂಗ್" ಸರಿ; "ಫೇರ್ಲಿ ಟೂ ಲಾಂಗ್" ತಪ್ಪು. ಒಂದೇ ಅಪವಾದವೆಂದರೆ ಬ್ರಿಟಿಷರ "ಐ ಆಮ್ ಕ್ವೈಟ್ ಬೆಟರ್", ಕಾಯಿಲೆ ಪೂರ್ತಿ ವಾಸಿಯಾಯಿತು ಎಂಬ ಅರ್ಥದಲ್ಲಿ.

ಕನ್ನಡದ "ಸ್ವಲ್ಪ"ಕ್ಕೆ ಎಲ್ಲ ಕಡೆ "ಎ ಲಿಟಲ್" ಹಾಕಬಹುದೇ?

ಆಗುವುದಿಲ್ಲ. ನಮ್ಮ "ಸ್ವಲ್ಪ" ಅಳತೆಯ ಜೊತೆಗೆ ವಿನಯವನ್ನೂ ಹೇಳುತ್ತದೆ. "ಸ್ವಲ್ಪ ಇಲ್ಲಿ ಬನ್ನಿ" ಎಂದಾಗ ಬರುವುದರಲ್ಲಿ ಕಡಿಮೆ ಹೆಚ್ಚು ಏನಿದೆ? ಅದನ್ನು "ಲಿಟಲ್ ಕಮ್ ಹಿಯರ್" ಎಂದರೆ ಕೇಳಿದವರಿಗೆ ಅರ್ಥವಾಗದು. "ಕುಡ್ ಯೂ ಕಮ್ ಹಿಯರ್ ಫಾರ್ ಎ ಮಿನಿಟ್?" ಎನ್ನಬೇಕು. ರೈಲಿನ ಸೀಟಿನಲ್ಲಿ "ಸ್ವಲ್ಪ ಅಡ್ಜಸ್ಟ್ ಮಾಡಿ" ಎನ್ನುವ ಜಾಗದಲ್ಲಿ "ಕುಡ್ ಯೂ ಮೂವ್ ಅಪ್ ಎ ಬಿಟ್, ಪ್ಲೀಸ್?" ಎಂದರೆ ಕೆಲಸವಾಗುತ್ತದೆ. "ಲಿಟಲ್ ಬಿಟ್ ಫೀವರ್ ಈಸ್ ದೇರ್" ಬದಲು "ಐ ಹ್ಯಾವ್ ಎ ಸ್ಲೈಟ್ ಫೀವರ್".

ಎ ಬಿಟ್ ಮತ್ತು ಎ ಲಿಟಲ್‌ಗೆ ಇನ್ನೂ ಎರಡು ಕಟ್ಟುಪಾಡುಗಳಿವೆ. ಒಂದು, ಒಳ್ಳೆಯ ಗುಣಗಳ ಜೊತೆ ಇವು ಒಗ್ಗುವುದಿಲ್ಲ. ಎ ಬಿಟ್ ಎಕ್ಸ್‌ಪೆನ್ಸಿವ್, ಎ ಬಿಟ್ ಟೈರ್ಡ್ ಸರಿ. ಎ ಬಿಟ್ ಗುಡ್ ತಪ್ಪು. ಹೋಲಿಕೆಯಲ್ಲಿ ಮಾತ್ರ ತೊಂದರೆಯಿಲ್ಲ: ಎ ಬಿಟ್ ಬೆಟರ್. ಇನ್ನೊಂದು, ನಾಮಪದಕ್ಕೆ ಅಂಟಿದ ಗುಣವಾಚಕದ ಮೊದಲು ಇವು ಬರುವುದಿಲ್ಲ. "ದ ಬಸ್ ಈಸ್ ಎ ಬಿಟ್ ಓಲ್ಡ್" ಸರಿ, "ಎ ಬಿಟ್ ಓಲ್ಡ್ ಬಸ್" ತಪ್ಪು. ಅಲ್ಲಿ "ಎ ರಾದರ್ ಓಲ್ಡ್ ಬಸ್" ಎನ್ನಬೇಕು. ಬರಿಯ ನಾಮಪದವಾದರೆ "ಎ ಬಿಟ್ ಆಫ್ ಎ ಪ್ರಾಬ್ಲಮ್".

ಲಿಟಲ್ ಮೊದಲಿನ ಎ ಎಂಬ ಆರ್ಟಿಕಲ್ ಬಿಟ್ಟುಹೋದರೆ ಅರ್ಥವೇ ತಿರುಗುತ್ತದೆ ಎಂಬುದೂ ನೆನಪಿರಲಿ. "ಎ ಲಿಟಲ್ ಹೋಪ್" ಎಂದರೆ ಸ್ವಲ್ಪ ಆಸೆ ಇದೆ. "ಲಿಟಲ್ ಹೋಪ್" ಎಂದರೆ ಆಸೆ ಇಲ್ಲವೆಂದೇ ತಿಳಿಯಿರಿ. ಆಸ್ಪತ್ರೆಯ ಹೊರಗೆ ಕಾಯುತ್ತಿರುವವರಿಗೆ ಈ ಒಂದಕ್ಷರದ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಬೇಕಿಲ್ಲ.

"ಅಷ್ಟೇನೂ ಚೆನ್ನಾಗಿಲ್ಲ", "ಪರವಾಗಿಲ್ಲ", "ಸುಮಾರಾಗಿದೆ" ಇವನ್ನು ಹೇಗೆ ಹೇಳುವುದು?

"ಅಷ್ಟೇನೂ ಚೆನ್ನಾಗಿಲ್ಲ" ಎಂಬುದಕ್ಕೆ ನಾಟ್ ವೆರಿ ಗುಡ್ ಅಥವಾ ನಾಟ್ ದಟ್ ಗುಡ್. ನಾಟ್ ಫೇರ್ಲಿ, ನಾಟ್ ರಾದರ್, ನಾಟ್ ಪ್ರಿಟಿ ಎಂದು ಹೇಳುವ ರೂಢಿಯಿಲ್ಲ. ನಡುಮಟ್ಟದ ಈ ಮೂರು ಪದಗಳು ನಾಟ್ ಹತ್ತಿರ ಸುಳಿಯುವುದಿಲ್ಲ. ನಾಟ್ ಜೊತೆ ಹೋಗುವ ಕೆಲವು ಅರ್ಥ ಬದಲಿಸಿಕೊಳ್ಳುತ್ತವೆ: "ನಾಟ್ ಎ ಬಿಟ್ ಟೈರ್ಡ್" ಎಂದರೆ ಚೂರೂ ಸುಸ್ತಿಲ್ಲ, "ನಾಟ್ ಎ ಲಿಟಲ್ ಟೈರ್ಡ್" ಎಂದರೆ ಬಹಳ ಸುಸ್ತು.

"ಪರವಾಗಿಲ್ಲ" ಎಂಬುದಕ್ಕೆ ನಾಟ್ ಬ್ಯಾಡ್ ಹತ್ತಿರ. "ಸುಮಾರಾಗಿದೆ" ಎಂದರೆ ನಮ್ಮಲ್ಲಿ ಮೆಚ್ಚುಗೆ ಕಡಿಮೆ. ಫೇರ್ಲಿ ಗುಡ್ ಅದಕ್ಕಿಂತ ಮೇಲಿನದು. ಸೋ-ಸೋ ಅಥವಾ ಜಸ್ಟ್ ಓಕೆ ಸರಿಹೋಗುತ್ತದೆ.

ಪ್ರಿಟಿ ಎಂದರೆ ಸುಂದರ ಅಲ್ಲವೇ? ಪತ್ರದಲ್ಲಿ ಬರೆಯಬಹುದೇ?

ಗುಣವಾಚಕವಾದಾಗ ಸುಂದರ, ಅಡ್ವರ್ಬ್ ಆದಾಗ "ಸಾಕಷ್ಟು ಮಟ್ಟಿಗೆ". "ಪ್ರಿಟಿ ಅಗ್ಲಿ" ಎಂಬುದೂ ಸರಿಯಾದ ಇಂಗ್ಲಿಷೇ. ಬರೆಯುವಾಗ ಇ ಅಕ್ಷರ ಇದ್ದರೂ ಉಚ್ಚಾರ ಪ್ರೆಟ್ಟಿ ಅಲ್ಲ, ಪ್ರಿಟಿ. ಇದು ಸಲಿಗೆಯ ಮಾತಿನ ಪದ. ಸ್ನೇಹಿತರಿಗೆ, ತಂಡದವರ ಚಾಟ್‌ಗೆ ಚೆಂದ. ಅರ್ಜಿಗೆ, ಪ್ರಬಂಧಕ್ಕೆ, ಗ್ರಾಹಕರಿಗೆ ಕಳಿಸುವ ಪತ್ರಕ್ಕೆ ಬೇಡ. ಅಲ್ಲಿ ಫೇರ್ಲಿ, ರೀಸನಬ್ಲಿ ಅಥವಾ ಸಮ್‌ವಾಟ್ ಬಳಸಿ. ಎ ಬಿಟ್ ಕೂಡ ಮಾತಿನದೇ. ಬರಹಕ್ಕೆ ಸ್ಲೈಟ್ಲಿ ಒಪ್ಪುತ್ತದೆ.

ಕ್ರಿಯಾಪದದ ಜೊತೆ ಯಾವುದನ್ನು, ಎಲ್ಲಿ ಇಡಬೇಕು?

ಕ್ವೈಟ್ ಮತ್ತು ರಾದರ್ ಕ್ರಿಯಾಪದಕ್ಕೆ ಮೊದಲು: "ಐ ರಾದರ್ ಎಂಜಾಯ್ಡ್ ಇಟ್". ಸಮ್‌ವಾಟ್, ಎ ಬಿಟ್, ಎ ಲಿಟಲ್ ಕ್ರಿಯಾಪದ ಆದಮೇಲೆ: "ದ ಪ್ರೈಸ್ ಹ್ಯಾಸ್ ಕಮ್ ಡೌನ್ ಎ ಬಿಟ್". ಫೇರ್ಲಿ ಮತ್ತು ಪ್ರಿಟಿ ಈ ಅರ್ಥದಲ್ಲಿ ಕ್ರಿಯಾಪದದ ಜೊತೆ ನೇರವಾಗಿ ಬರುವುದಿಲ್ಲ. "ಐ ಫೇರ್ಲಿ ಲೈಕ್ ಇಟ್" ತಪ್ಪು. "ದೇ ಟ್ರೀಟೆಡ್ ಅಸ್ ಫೇರ್ಲಿ" ಎಂಬಲ್ಲಿರುವ ಫೇರ್ಲಿ ಬೇರೆ, "ನ್ಯಾಯವಾಗಿ" ಎಂಬ ಅರ್ಥದ್ದು.

ಮಾಡರೇಟ್ ಮತ್ತು ಮಾಡರೇಟ್ಲಿ ಎಂಬ ಪದಗಳಿಗೆ ಖಚಿತವಾದ ಸಂಖ್ಯೆ ಇರುತ್ತದೆಯೇ?

ದಿನನಿತ್ಯದ ಮಾತಿನಲ್ಲಿ ಇಲ್ಲ, ಕೆಲವು ಶಾಸ್ತ್ರಗಳಲ್ಲಿ ಇದೆ. ಭಾರತದ ಹವಾಮಾನ ಇಲಾಖೆಯ ಈಗಿನ ವರ್ಗೀಕರಣದಲ್ಲಿ 24 ಗಂಟೆಗಳಲ್ಲಿ 15.6ರಿಂದ 64.4 ಮಿಲಿಮೀಟರ್ ಮಳೆಯಾದರೆ ಅದು ಮಾಡರೇಟ್, 64.5 ಮುಟ್ಟಿದರೆ ಹೆವಿ. ಹಳೆಯ ವರ್ಗೀಕರಣದಲ್ಲಿ ಇವೆರಡರ ನಡುವೆ "ರಾದರ್ ಹೆವಿ" ಎಂಬ ಮೆಟ್ಟಿಲೇ ಇತ್ತು: 35.6ರಿಂದ 64.4 ಮಿಲಿಮೀಟರ್. ನಾವು ಮೊಸರಿನಲ್ಲಿ ನೋಡಿದ ಅದೇ ರಾದರ್‌ಗೆ ಅಲ್ಲಿ ಮಳೆಮಾಪಕದ ಅಳತೆ ಕೊಟ್ಟಿದ್ದರು.

ವೈದ್ಯಕೀಯ ವರದಿ ಓದುವಾಗ ಇನ್ನೂ ಹುಷಾರಾಗಿರಬೇಕು. ಖಿನ್ನತೆಯ ತೀವ್ರತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಒಟ್ಟು 27 ಅಂಕ. 10ರಿಂದ 14 ಬಂದರೆ ಮಾಡರೇಟ್, 15ರಿಂದ 19 ಬಂದರೆ ಮಾಡರೇಟ್ಲಿ ಸಿವಿಯರ್, 20ರಿಂದ ಮೇಲೆ ಸಿವಿಯರ್. ಮಾಡರೇಟ್ಲಿ ಎಂದು ಕಂಡ ತಕ್ಷಣ ಸಾಧಾರಣ ಎಂದು ಸಮಾಧಾನಪಟ್ಟುಕೊಳ್ಳಬಾರದು. ಅದು ಮಾಡರೇಟ್‌ಗಿಂತ ಒಂದು ಹಂತ ಮೇಲಿದೆ. ಅಡ್ವರ್ಬ್ ಸಿವಿಯರ್ ಎಂಬುದನ್ನು ಸ್ವಲ್ಪ ತಗ್ಗಿಸಿದೆ, ಅಷ್ಟೇ.

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಬರಹದಲ್ಲಿ ಇವುಗಳಿಂದ ಉಪಯೋಗ ಇದೆಯೇ?

ಖಂಡಿತ ಇದೆ. ಅಕಾಡೆಮಿಕ್ ಪರೀಕ್ಷೆಯ ಬರವಣಿಗೆಯ ಮೊದಲ ಭಾಗದಲ್ಲಿ ನಕ್ಷೆಯನ್ನೋ ಕೋಷ್ಟಕವನ್ನೋ ಕನಿಷ್ಠ 150 ಪದಗಳಲ್ಲಿ ವಿವರಿಸಬೇಕು. ಅಲ್ಲಿ 40 ಇದ್ದದ್ದು 42 ಆದರೆ ರೋಸ್ ಸ್ಲೈಟ್ಲಿ, 50 ಆದರೆ ರೋಸ್ ಮಾಡರೇಟ್ಲಿ, 75 ಆದರೆ ರೋಸ್ ಕನ್ಸಿಡರಬ್ಲಿ. ಪದದ ಪಕ್ಕದಲ್ಲೇ ಅಂಕಿಯನ್ನೂ ಕೊಡಿ.

ಆಗುವ ತಪ್ಪುಗಳು ಮುಖ್ಯವಾಗಿ ಎರಡು. ತೀವ್ರವಾದ ಪದಕ್ಕೆ ನಡುಮಟ್ಟದ ಪದ ಕಟ್ಟುವುದು: ಫೇರ್ಲಿ ಎಕ್ಸಲೆಂಟ್, ಸಮ್‌ವಾಟ್ ಎನಾರ್ಮಸ್. ಎಕ್ಸಲೆಂಟ್ ಎಂದಮೇಲೆ ಅದು ತುದಿ ಮುಟ್ಟಿ ಆಯಿತು, ತಕ್ಕಮಟ್ಟಿಗೆ ತುದಿ ಮುಟ್ಟಲಾಗದು. ಇನ್ನೊಂದು, ಧೈರ್ಯ ಸಾಲದೆ ಸಾಲಿಗೊಂದು ಸಮ್‌ವಾಟ್ ಸೇರಿಸುವುದು. ಪ್ಯಾರಾ ಬರೆದಾದ ಮೇಲೆ ಇಂಥ ಪ್ರತಿಯೊಂದು ಪದವನ್ನೂ ಬೆರಳಿನಿಂದ ಮುಚ್ಚಿ ವಾಕ್ಯ ಓದಿ. ಅರ್ಥ ಬದಲಾಗದಿದ್ದರೆ ತೆಗೆದುಹಾಕಿ.

ಕ್ವೈಟ್ ಬರೆಯಲು ಹೋಗಿ ಪ್ರತಿಸಲ ಕ್ವಾಯಟ್ ಆಗುತ್ತದೆ. ಏನು ಮಾಡಲಿ?

ಕೊನೆಯ ಎರಡು ಅಕ್ಷರ ನೋಡಿ. ಟಿ ಆದಮೇಲೆ ಇ ಬಂದರೆ ಕ್ವೈಟ್, ಒಂದೇ ಉಸಿರಿನ ಪದ, ವೈಟ್ ಎಂಬುದರ ಹಾಗೆ. ಇ ಆದಮೇಲೆ ಟಿ ಬಂದರೆ ಕ್ವಾಯಟ್, ಅಂದರೆ ನಿಶ್ಶಬ್ದ; ಡಯಟ್ ಎಂಬುದೂ ಹೀಗೇ ಇ-ಟಿ ಎಂದು ಮುಗಿಯುತ್ತದೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಎಷ್ಟೋ ಸಲ ಇದನ್ನು ಹಿಡಿಯುವುದಿಲ್ಲ. ಕಳಿಸುವ ಮುನ್ನ ಈ ಒಂದು ಪದವನ್ನು ಹುಡುಕಿ, ಬಂದ ಕಡೆಯೆಲ್ಲ ಬಾಯಿಬಿಟ್ಟು ಓದಿ ನೋಡಿ.